ಕಕ್ಕಸು ಗುಂಡಿಯಿಂದ 18 ಮೀಟರ್ ದೂರದ ಬಾವಿ ಕೆಟ್ಟಿದೆ, 9 ಮೀಟರ್ ದೂರದ್ದು ಚೊಕ್ಕ. ಇದು ಹೇಗೆ?

ಹೊಯ್ಗೆಮನೆ | ಜುಲೈ 6

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕುಂದಾಪುರದ ಕಡೆ, ಸಮುದ್ರದಿಂದ ಅರ್ಧ ಕಿಲೋಮೀಟರ್ ಒಳಗೆ. ನೆಲ ಪೂರ್ತಿ ಹೊಯ್ಗೆ. ಮರಳು ಅಂದರೂ ಅದೇ. ಅಂಗಳದಲ್ಲಿ ಹಾರೆ ಹಾಕಿದರೆ ಬೆಣ್ಣೆಗೆ ಚಾಕು ಹಾಕಿದ ಹಾಗೆ ಇಳಿಯುತ್ತದೆ.

ಕಳೆದ ವಾರ ಮಗಳಿಗೆ ಎರಡು ದಿನ ಭೇದಿ ಆಯಿತು. ಸಂಶಯ ಬಂದು ಬಾವಿ ನೀರನ್ನು ಪರೀಕ್ಷೆಗೆ ಕೊಟ್ಟೆ. ಇ. ಕೋಲಿ (ಮಲದಲ್ಲಿರುವ ಬ್ಯಾಕ್ಟೀರಿಯಾ) ಇದೆ ಎಂದು ವರದಿ ಬಂತು, 100 ಮಿ.ಲೀ.ಗೆ 49. ಇರಬೇಕಾದದ್ದು ಸೊನ್ನೆ.

ನನ್ನ ತಲೆ ಕೆಟ್ಟದ್ದು ಬೇರೆ ಕಾರಣಕ್ಕೆ. ನಮ್ಮ ಗುಂಡಿಯಿಂದ ನಮ್ಮ ಬಾವಿ 18 ಮೀಟರ್ ದೂರ. ಟೇಪ್ ಹಿಡಿದೇ ಕಟ್ಟಿಸಿದ್ದು. ಪಕ್ಕದ ಮನೆಯವರ ಬಾವಿ ಅದೇ ಗುಂಡಿಯಿಂದ ಬರೀ 9 ಮೀಟರ್, ನಡುವೆ ಬೇಲಿ ಮಾತ್ರ. ಅವರ ನೀರನ್ನೂ ಕೊಟ್ಟು ನೋಡಿದೆ. ಏನೂ ಇಲ್ಲ, ಚೊಕ್ಕ. ಲ್ಯಾಬಿನವರು ಬಾಟಲಿ ಅದಲು ಬದಲು ಮಾಡಿದರೇನೋ ಅಂತ ಎರಡನೇ ಸಲ ಕೊಟ್ಟೆ. ಮತ್ತೆ ಅದೇ ಉತ್ತರ.

ಹತ್ತಿರದ್ದು ಸರಿ ಇದ್ದು ದೂರದ್ದು ಕೆಡುವುದು ಹೇಗೆ?

ಲ್ಯಾಬ್ ಕೋಟು | ಜುಲೈ 6

ಮೊದಲು ಕೆಲಸದ ಮಾತು. ಕುಡಿಯುವ ನೀರು ಕುದಿಸಿ. ಗುಳ್ಳೆ ಎದ್ದು ತಳಮಳ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಕು.

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ. ಒಳ್ಳೆಯ ಪುಡಿಯಾದರೆ 1,000 ಲೀಟರಿಗೆ ಸುಮಾರು 2.5 ಗ್ರಾಂ. ನಿಮ್ಮ ಬಾವಿ 2 ಮೀಟರ್ ಅಗಲ, ನೀರು 3 ಮೀಟರ್ ಇದೆ ಅಂತ ಇಟ್ಟುಕೊಂಡರೆ 9,400 ಲೀಟರ್. 24 ಗ್ರಾಂ ಆಯಿತು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಬಿಡಿ. ರಾತ್ರಿ ಹಾಕಿ ಬೆಳಿಗ್ಗೆ ಸೇದಿ.

ಇದು ಔಷಧಿ ಅಷ್ಟೇ, ಗುಣ ಅಲ್ಲ. ಗುಂಡಿಯಿಂದ ಬರುತ್ತಲೇ ಇದ್ದರೆ ನಾಲ್ಕು ದಿನಕ್ಕೆ ಮತ್ತೆ ಅದೇ ಕತೆ. ಮತ್ತೆ, ಬಾಟಲಿ ಅದಲು ಬದಲು ಎರಡೆರಡು ಸಲ ಆಗುವುದಿಲ್ಲ ಸಾರ್. ನಮ್ಮ ಮೇಲೆ ಸ್ವಲ್ಪ ನಂಬಿಕೆ ಇರಲಿ. 😄

ರಾಟೆ ಹಗ್ಗ | ಜುಲೈ 6

ನಮ್ಮಜ್ಜಿ ತಾಮ್ರದ ಕೊಡದಲ್ಲಿ ನೀರು ಇಡುತ್ತಿದ್ದರು. ಯಾರಿಗೂ ಏನೂ ಆಗಿಲ್ಲ. ಈಗ ಎಲ್ಲದಕ್ಕೂ ರಿಪೋರ್ಟು.

ಲ್ಯಾಬ್ ಕೋಟು | ಜುಲೈ 6

ಅಜ್ಜಿ ತಪ್ಪಿಲ್ಲ. ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಭೇದಿ ತರುವ ಬ್ಯಾಕ್ಟೀರಿಯಾ ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟಾಗ ಅವು ಸತ್ತವು. ಆದರೆ 16 ಗಂಟೆ! ಶಾಲೆಯಿಂದ ಓಡಿ ಬಂದ ಮಗು ಅಷ್ಟು ಹೊತ್ತು ಕಾಯುತ್ತದಾ? ಕುದಿಸಿ.

ಜಲಮೇಷ್ಟ್ರು | ಜುಲೈ 7

ನಾನು ಅಂತರ್ಜಲದ ಪಾಠ ಮಾಡಿ ನಿವೃತ್ತನಾದವನು, ಈಗ ಮೈಸೂರಿನಲ್ಲಿದ್ದೇನೆ. ನಿಮ್ಮ ಪ್ರಶ್ನೆ ನೋಡಿ ಬೆಳಗಿನ ಕಾಫಿ ಆರಿಹೋಯಿತು.

ಹೆಚ್ಚಿನವರು ಮರಳನ್ನು ಜರಡಿ ಅಂದುಕೊಂಡಿದ್ದಾರೆ. ಬ್ಯಾಕ್ಟೀರಿಯಾ ತೂತಿನಲ್ಲಿ ತೂರದೆ ನಿಲ್ಲುತ್ತದೆ ಎಂಬ ಲೆಕ್ಕ. ಹಾಗಲ್ಲ. ಇ. ಕೋಲಿ ಒಂದೆರಡು ಮೈಕ್ರಾನ್ ಉದ್ದ, ಅಗಲ ಅರ್ಧ ಮೈಕ್ರಾನ್ ಆಸುಪಾಸು. ಮಧ್ಯಮ ಮರಳಿನ ಕಾಳು ಅರ್ಧ ಮಿಲಿಮೀಟರ್, ಅಂದರೆ 500 ಮೈಕ್ರಾನ್. ಬ್ಯಾಕ್ಟೀರಿಯಾ ಒಂದು ಸಾಸಿವೆ ಕಾಳು ಅಂತ ಇಟ್ಟುಕೊಳ್ಳಿ. ಆಗ ಮರಳಿನ ಕಾಳು ಹೆಚ್ಚು ಕಡಿಮೆ ಒಂದು ಮೀಟರ್ ಗಾತ್ರದ ಬಂಡೆ. ಬಂಡೆಗಳ ರಾಶಿಯ ಮೇಲೆ ಸಾಸಿವೆ ಚೆಲ್ಲಿದರೆ ಎಲ್ಲಿ ನಿಲ್ಲುತ್ತದೆ?

ಮರಳು ಹಿಡಿಯುವುದು ಜರಡಿಯಾಗಿ ಅಲ್ಲ, ಅಂಟಾಗಿ. ನೀರಿನ ಜೊತೆ ಹೋಗುವ ಬ್ಯಾಕ್ಟೀರಿಯಾ ಕಾಳಿಗೆ ತಾಗಬೇಕು, ತಾಗಿದ ಮೇಲೆ ಅಂಟಬೇಕು. ತಾಗುವುದರಲ್ಲೇ ಒಂದು ತಮಾಷೆ ಇದೆ. ತೀರಾ ಸಣ್ಣ ಕಣ ನೀರಿನಲ್ಲಿ ಅತ್ತಿತ್ತ ನಡುಗುತ್ತಾ ಕಾಳಿಗೆ ಬಡಿಯುತ್ತದೆ. ದೊಡ್ಡ ಕಣ ಭಾರಕ್ಕೆ ಕೆಳಗೆ ಕೂರುತ್ತದೆ. ಎರಡರ ನಡುವೆ, ಸುಮಾರು ಒಂದು ಮೈಕ್ರಾನ್ ಹತ್ತಿರ, ಎರಡೂ ಸರಿಯಾಗಿ ನಡೆಯುವುದಿಲ್ಲ. ಯಾವೊ, ಹಬೀಬಿಯನ್, ಓಮೇಲಿಯಾ ಎಂಬ ಮೂವರು ಇದನ್ನು 1971ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ. ಮರಳಿನ ಕೈಗೆ ಅತಿ ಕಡಿಮೆ ಸಿಗುವ ಗಾತ್ರವೇ ಬ್ಯಾಕ್ಟೀರಿಯಾದ ಗಾತ್ರ. ನಮ್ಮ ಗ್ರಹಚಾರ.

ಈಗ ನಿಮ್ಮ ಬಾವಿ. ನಾಲ್ಕು ವಿಷಯ ಬೇಕು. ನೀರಿನ ಇಳಿಜಾರು ಯಾವ ಕಡೆ? ನಡುವಿನ ಮರಳು ಎಂಥದ್ದು? ಇತ್ತೀಚೆಗೆ ಗುಂಡಿಗೆ ಅಥವಾ ಪಂಪಿಗೆ ಏನಾದರೂ ಮಾಡಿದಿರಾ? ಹಿಂದಿನ ವರ್ಷಗಳಲ್ಲಿ ನೀರು ಸರಿ ಇತ್ತೇ?

ಹೊಯ್ಗೆಮನೆ | ಜುಲೈ 7

ಮೇಷ್ಟ್ರೆ, ಹೋದ ವರ್ಷದ ವರದಿ ಚೊಕ್ಕವಾಗಿಯೇ ಇತ್ತು. ಈ ವರ್ಷ ಮೇ ತಿಂಗಳಲ್ಲಿ ಗುಂಡಿ ಖಾಲಿ ಮಾಡಿಸಿದೆ. ಒಳಗೆ ಗೋಡೆಗೆ ಕಪ್ಪು ಲೋಳೆ ಹಿಡಿದಿತ್ತು. ಸುಮ್ನೆ ಇರಲಾರದೆ "ಚೆನ್ನಾಗಿ ಕೆರೆದುಬಿಡಿ" ಅಂತ ನಾನೇ ಹೇಳಿದೆ. ಗುದ್ದಲಿ ಹಾಕಿ ಕೆರೆದರು. ಗೋಡೆ ಹೊಸದರ ಹಾಗೆ ಆಯಿತು. ಅದೇ ವಾರ ಬಾವಿಗೆ ಒಂದು ಎಚ್‌ಪಿ ಪಂಪನ್ನೂ ಹಾಕಿಸಿದೆ. ಮೊದಲು ಸೇದುತ್ತಿದ್ದೆವು.

ಜಲಮೇಷ್ಟ್ರು | ಜುಲೈ 7

ಅಯ್ಯೋ. ಆ ಕಪ್ಪು ಲೋಳೆ ನಿಮ್ಮ ಕಾವಲುಗಾರ ಮಾರಾಯ್ರೆ. ಗುಂಡಿಯ ನೀರು ವರ್ಷಗಟ್ಟಲೆ ಇಂಗಿ ಇಂಗಿ ಮರಳಿನ ಮೊದಲ ಕೆಲವು ಸೆಂಟಿಮೀಟರಿನಲ್ಲಿ ಸೂಕ್ಷ್ಮಜೀವಿಗಳ ಪದರ ಕಟ್ಟುತ್ತದೆ. ನೀರು ಅದರಲ್ಲಿ ನಿಧಾನವಾಗಿ ಒಸರುತ್ತದೆ. ಬ್ಯಾಕ್ಟೀರಿಯಾ ಬಹುಪಾಲು ಅಲ್ಲೇ ನಿಲ್ಲುತ್ತದೆ. ಊರಿಗೆ ನೀರು ಕೊಡುವ ನಿಧಾನ ಮರಳು ಸೋಸುಕಗಳ ಮೇಲೆ ಕಟ್ಟುವ ಕೆನೆಯೂ ಇದೇ ಜಾತಿ.

1892ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಕಾಲರಾ ಬಂತು, 8,000ಕ್ಕೂ ಹೆಚ್ಚು ಜನ ಸತ್ತರು. ಪಕ್ಕದ ಆಲ್ಟೋನಾ ಅದೇ ಎಲ್ಬೆ ನದಿಯ ನೀರು ಕುಡಿಯುತ್ತಿತ್ತು. ಅದೂ ಹ್ಯಾಂಬರ್ಗಿನ ಕೊಳಚೆ ಸೇರಿದ ನಂತರದ ನೀರು. ಆದರೆ ಅವರು ಮರಳಿನಲ್ಲಿ ಸೋಸಿ ಕುಡಿಯುತ್ತಿದ್ದರು, ಹ್ಯಾಂಬರ್ಗಿನವರು ಸೋಸುತ್ತಿರಲಿಲ್ಲ. ಎರಡೂ ಊರು ಹಂಚಿಕೊಂಡ ಒಂದು ಬೀದಿಯಲ್ಲಿ ಒಂದು ಬದಿಗೆ ಕಾಲರಾ, ಇನ್ನೊಂದು ಬದಿ ಬಹುಮಟ್ಟಿಗೆ ಕ್ಷೇಮ. ನೀವು ಮೇ ತಿಂಗಳಲ್ಲಿ ಆ ಕೆನೆ ಕೆರೆದು ಆಲ್ಟೋನಾವನ್ನು ಹ್ಯಾಂಬರ್ಗ್ ಮಾಡಿದಿರಿ.

ಆದರೆ ಇದು "ಈ ವರ್ಷವೇ ಯಾಕೆ" ಎಂಬುದಕ್ಕೆ ಉತ್ತರ. "ನಿಮ್ಮ ಬಾವಿಯೇ ಯಾಕೆ" ಅನ್ನುವುದು ಬಾಕಿ. ಮಟ್ಟ ನೋಡಿ.

ಸುಮ್ನೆ ಓದುಗ | ಜುಲೈ 8

ನೀರು ಸಮುದ್ರದ ಕಡೆಗೇ ಹರಿಯುವುದಲ್ವಾ? ಇವರ ಬಾವಿ ಪಡುವಣಕ್ಕೆ ಇದ್ದರೆ ಕತೆ ಮುಗಿಯಿತು. ಇಷ್ಟುದ್ದ ಯಾಕೆ?

ಹೊಯ್ಗೆಮನೆ | ಜುಲೈ 20

ಗಾರೆ ಕೆಲಸದವರ ಹತ್ತಿರ ಇರುವ ನೀರು ತುಂಬಿದ ಪಾರದರ್ಶಕ ಪೈಪು ತಂದು, ಎರಡು ಬಾವಿಕಟ್ಟೆ ಮತ್ತು ಗುಂಡಿಯ ಅಂಚಿಗೆ ಒಂದೇ ಮಟ್ಟದ ಗುರುತು ಹಾಕಿದೆ. ಅಲ್ಲಿಂದ ಕೆಳಗೆ ಅಳೆದೆ. ಮಗಳು ಬರೆದುಕೊಂಡಳು.

ಗುಂಡಿಯ ನೀರಿಗಿಂತ ನಮ್ಮ ಬಾವಿ ನೀರು 18 ಸೆಂ.ಮೀ. ಕೆಳಗೆ. ಪಕ್ಕದವರದು 22 ಸೆಂ.ಮೀ. ಕೆಳಗೆ. ಅಂದರೆ ಅವರ ಕಡೆಗೇ ಇಳಿಜಾರು ಜಾಸ್ತಿ, ದೂರವೂ ಅರ್ಧ! ಅವರ ಬಾವಿಯಲ್ಲೂ ಪಂಪು ಇದೆ, ತೆಂಗಿನ ತೋಟಕ್ಕೆ ಬಿಡುತ್ತಾರೆ. ಎಲ್ಲ ಲೆಕ್ಕದಲ್ಲೂ ಕೆಡಬೇಕಾದದ್ದು ಅವರದು. ಪಕ್ಕದ ಮನೆಯ ಅಣ್ಣ ನಗುತ್ತಾ "ನಮ್ಮ ಬಾವಿಯಲ್ಲಿ ದೇವರಿದ್ದಾನೆ" ಅಂದರು.

ಬಾವಿ ಕೆಲಸ | ಜುಲೈ 20

ನಮ್ಮ ಅಪ್ಪನ ಕಾಲದಿಂದ ಬಾವಿ ತೋಡುವ ಕೆಲಸ. ನಾನು ಓದಿದ್ದು ಕಡಿಮೆ, ಆದರೆ ಹೊಯ್ಗೆ ಗೊತ್ತು.

ಹೊಯ್ಗೆ ಎಲ್ಲ ಒಂದೇ ಅಲ್ಲ. ತೋಡುವಾಗ ಮೇಲೆ ಹಿಟ್ಟಿನ ಹಾಗೆ ನಯವಾದ್ದು ಬರುತ್ತದೆ. ಒದ್ದೆಯಿದ್ದರೆ ಮುಷ್ಟಿ ಹಿಡಿದರೆ ಉಂಡೆ ಆಗುತ್ತದೆ. ಅದರ ಕೆಳಗೆ ಕೆಲವು ಕಡೆ ಒಂದು ಗೇಣು, ಅರ್ಧ ಗೇಣು ದಪ್ಪಕ್ಕೆ ದಪ್ಪ ಹೊಯ್ಗೆ, ಚಿಪ್ಪಿನ ಚೂರು ಸೇರಿದ್ದು. ಅದು ಬಂತು ಅಂದರೆ ನಾವು ಮೇಲೆ ಕೂಗಿ ಹೇಳುತ್ತೇವೆ, ಯಾಕೆಂದರೆ ನೀರು ಅಲ್ಲಿಂದ ನುಗ್ಗುತ್ತದೆ, ಪಕ್ಕ ಕುಸಿಯುತ್ತದೆ. ಒಳ್ಳೆಯ ಒರತೆ ಬೇಕು ಅನ್ನುವವರಿಗೆ ಅದೇ ಸಿಗಬೇಕು. ನಿಮಗೂ ಅದೇ ಸಿಕ್ಕಿರಬೇಕು ಅಣ್ಣ. ನಿಮ್ಮ ಬಾವಿ ಬೇಸಿಗೆಯಲ್ಲೂ ಬತ್ತುವುದಿಲ್ಲ ಅಲ್ವಾ?

ಹೊಯ್ಗೆಮನೆ | ಜುಲೈ 20

ಬತ್ತುವುದೇ ಇಲ್ಲ. ಪಕ್ಕದವರದು ಏಪ್ರಿಲ್ ಕೊನೆಗೆ ತಳ ಕಾಣುತ್ತದೆ.

ಜಲಮೇಷ್ಟ್ರು | ಜುಲೈ 21

ಬಾವಿ ಕೆಲಸದವರು ನನ್ನ ಅರ್ಧ ಪಾಠ ಮುಗಿಸಿದರು. ಉಳಿದರ್ಧ ಲೆಕ್ಕ.

ಮರಳಿನ ಕಾಳು ಎಷ್ಟು ದಪ್ಪವೋ ಅದರ ವರ್ಗದಷ್ಟು ನೀರಿನ ದಾರಿ ಸಲೀಸು. ಕಾಳು ಎರಡು ಪಟ್ಟಾದರೆ ನೀರು ನಾಲ್ಕು ಪಟ್ಟು. ನಯವಾದ ಮರಳಿಗೆ ದಿನಕ್ಕೆ 2 ಮೀಟರ್, ಚಿಪ್ಪು ಸೇರಿದ ದಪ್ಪ ಮರಳಿಗೆ 100 ಮೀಟರ್ ಅಂತ ಹಿಡಿಯೋಣ. ಇದು ನೀರು ಬಿಟ್ಟುಕೊಡುವ ಗುಣದ ಅಳತೆ, ನೀರಿನ ವೇಗ ಅಲ್ಲ. ವೇಗ ಬೇಕೆಂದರೆ ಇಳಿಜಾರಿನಿಂದ ಗುಣಿಸಿ, ಕಾಳುಗಳ ನಡುವಿನ ಖಾಲಿ ಜಾಗದ ಪಾಲಿನಿಂದ, ಸುಮಾರು 0.3ರಿಂದ, ಭಾಗಿಸಬೇಕು. 1856ರಲ್ಲಿ ಫ್ರಾನ್ಸಿನ ದಿಜೋನ್ ಊರಿನ ಎಂಜಿನಿಯರ್ ಡಾರ್ಸಿ ಮರಳು ತುಂಬಿದ ಕೊಳವೆ ಇಟ್ಟುಕೊಂಡು ಕಂಡುಕೊಂಡ ಸೂತ್ರವೇ ಇದಕ್ಕೆ ತಳಪಾಯ.

ಪಕ್ಕದವರ ಕಡೆ ನಯ ಮರಳೇ ಇದ್ದರೆ: 9 ಮೀಟರಿಗೆ 22 ಸೆಂ.ಮೀ. ಇಳಿಜಾರು. ದಿನಕ್ಕೆ 16 ಸೆಂಟಿಮೀಟರ್. ತಲುಪಲು 56 ದಿನ ಚಿಲ್ಲರೆ.

ನಿಮ್ಮ ಕಡೆ ದಪ್ಪ ಮರಳಿನ ಪದರ ಇದ್ದರೆ: 18 ಮೀಟರಿಗೆ 18 ಸೆಂ.ಮೀ. ದಿನಕ್ಕೆ 3.3 ಮೀಟರ್. ಐದೂವರೆ ದಿನ.

ಆ ಪದರ ತೆಳ್ಳಗಿದೆ, ಅದರಲ್ಲಿ ಎಷ್ಟು ಮಹಾ ನೀರು ಹೋಗುತ್ತದೆ ಅಂತ ಕೇಳಬೇಡಿ. 90 ಸೆಂ.ಮೀ. ನಯ ಮರಳು, 10 ಸೆಂ.ಮೀ. ದಪ್ಪ ಮರಳು ಇರುವ ಒಂದು ಮೀಟರ್ ಗೋಡೆ ತೆಗೆದುಕೊಳ್ಳಿ. ನಯದ ಪಾಲು 0.9 × 2 = 1.8. ದಪ್ಪದ ಪಾಲು 0.1 × 100 = 10. ಹತ್ತರಲ್ಲಿ ಒಂದು ಪಾಲು ದಪ್ಪವಿರುವ ಪಟ್ಟಿ ಶೇ 85ರಷ್ಟು ನೀರು ಹೊರುತ್ತದೆ. ನೀವು ಕುಡಿಯುತ್ತಿರುವುದು ಆ ಅರ್ಧ ಗೇಣಿನ ನೀರು.

ಇನ್ನು ಬ್ಯಾಕ್ಟೀರಿಯಾ ಹಿಡಿಯುವ ವಿಷಯ. ಇದು ಮೀಟರಿಗೆ ಇಷ್ಟು ಪಾಲು ಅಂತ ಗುಣಾಕಾರದಲ್ಲಿ ಕಡಿಮೆಯಾಗುತ್ತದೆ. ಲೆಕ್ಕಕ್ಕೆ ಅಂತ, ನಯ ಮರಳು ಪ್ರತಿ ಮೀಟರಿಗೆ ನೂರರಲ್ಲಿ 90 ಹಿಡಿಯಲಿ. 9 ಮೀಟರ್ ಆದ ಮೇಲೆ ಉಳಿಯುವುದು ನೂರು ಕೋಟಿಯಲ್ಲಿ ಒಂದು. ದಪ್ಪ ಮರಳು ಮೀಟರಿಗೆ ನೂರರಲ್ಲಿ 10 ಮಾತ್ರ ಹಿಡಿಯಲಿ. 18 ಮೀಟರ್ ಆದ ಮೇಲೂ ನೂರರಲ್ಲಿ 15 ಉಳಿದಿರುತ್ತವೆ. ಅಲ್ಲಿ ಅಂಟಿಕೊಳ್ಳಲು ಕಾಳಿನ ಮೈ ಕಡಿಮೆ, ತಾಗಲು ಹೊತ್ತೂ ಕಡಿಮೆ.

ಡಚ್ ಕನ್ನಡಿಗ | ಜುಲೈ 21

ಆಮ್‌ಸ್ಟರ್‌ಡ್ಯಾಮಿನಿಂದ. ನಮ್ಮ ನಲ್ಲಿ ನೀರಿನ ದೊಡ್ಡ ಪಾಲು ಮರಳಿನಿಂದಲೇ ಬರುವುದು. ಸಮುದ್ರದ ಬದಿಯ ಮರಳು ದಿಬ್ಬಗಳಿಂದ 1853ರಿಂದ ಈ ಊರಿಗೆ ನೀರು ತರುತ್ತಿದ್ದಾರೆ. ದಿಬ್ಬದ ನೀರು ಸಾಲದೆ ಉಪ್ಪಾಗತೊಡಗಿದಾಗ, 1957ರಿಂದ ರೈನ್ ನದಿಯ ನೀರನ್ನು ತಂದು ಅಲ್ಲಿ ಇಂಗಿಸಿ ಮತ್ತೆ ಎತ್ತುತ್ತಾರೆ. ಸೋಂಕು ಸಾಯಲಿ ಅಂತ ಮರಳಿನಲ್ಲಿ 60 ದಿನ ಇರಬೇಕು ಎಂಬುದು ಇಲ್ಲಿನ ಲೆಕ್ಕ. ಜರ್ಮನಿಯಲ್ಲಿ 50 ದಿನ. ಅವರು ಬಾವಿಯ ಸುತ್ತ ರಕ್ಷಣೆಯ ಗೆರೆ ಎಳೆಯುವುದೇ ನೀರು 50 ದಿನದಲ್ಲಿ ಬರುವಷ್ಟು ದೂರ ಅಂತ. ಮೇಷ್ಟ್ರ ಲೆಕ್ಕದ 56 ದಿನ ನೋಡಿ ನಗು ಬಂತು. ಪಕ್ಕದ ಅಣ್ಣ ಜರ್ಮನಿಯಲ್ಲೂ ಪಾಸು!

ಸುಮ್ನೆ ಓದುಗ | ಜುಲೈ 22

ಆದರೆ ನಮ್ಮಲ್ಲಿ ನಿಯಮ ಮೀಟರಿನಲ್ಲಿ ಇದೆ. ಐಎಸ್ 2470 ಎಂಬ ಭಾರತೀಯ ಮಾನಕದಲ್ಲಿ ಇಂಗು ವ್ಯವಸ್ಥೆ ಕುಡಿಯುವ ನೀರಿನಿಂದ 18 ಮೀಟರ್ ಅಂತ ಓದಿದ ನೆನಪು. ಹೊಯ್ಗೆಮನೆಯವರು ನಿಯಮ ಪಾಲಿಸಿಯೂ ಸಿಕ್ಕಿಬಿದ್ದರು.

ಜಲಮೇಷ್ಟ್ರು | ಜುಲೈ 22

ಹೌದು, 18 ಮೀಟರ್ ಸರಿ. ಆದರೆ ಟೇಪಿಗೆ ಮರಳು ಕಾಣುವುದಿಲ್ಲ. ಅವಳಿ ಗುಂಡಿ ಶೌಚಾಲಯದ ಸರ್ಕಾರಿ ಮಾರ್ಗಸೂಚಿ ಇದಕ್ಕಿಂತ ಜಾಣ. ಗುಂಡಿಯ ತಳ ಅಂತರ್ಜಲಕ್ಕಿಂತ 2 ಮೀಟರ್ ಮೇಲಿದ್ದು, ಮಣ್ಣಿನ ಕಾಳು 0.2 ಮಿ.ಮೀ. ಅಥವಾ ಅದಕ್ಕಿಂತ ನಯವಿದ್ದರೆ 3 ಮೀಟರ್ ದೂರವೇ ಸಾಕು ಅನ್ನುತ್ತದೆ. ಗುಂಡಿ ನೀರಿನಲ್ಲಿ ಮುಳುಗುವಂತಿದ್ದರೆ 10 ಮೀಟರ್. ಮಣ್ಣು ದಪ್ಪವಿದ್ದರೆ ಗುಂಡಿಯ ತಳ ಮುಚ್ಚಿ, ಸುತ್ತ ಅರ್ಧ ಮೀಟರ್ ದಪ್ಪ ನಯ ಮರಳಿನ ಕವಚ ಹಾಕಬೇಕು.

2 ಮೀಟರ್ ಒಣ ಮಣ್ಣಿಗೆ ಅಷ್ಟು ಬೆಲೆ ಯಾಕೆ? ಒಣ ಮರಳಿನಲ್ಲಿ ನೀರು ಕಾಳಿನ ಮೈಗೆ ಅಂಟಿ ತೆಳ್ಳಗೆ ಇಳಿಯುತ್ತದೆ. ಬ್ಯಾಕ್ಟೀರಿಯಾಕ್ಕೆ ಕಾಳು ತಪ್ಪಿಸಿ ಹೋಗಲು ದಾರಿ ಇಲ್ಲ. ನೀರು ಗಾಳಿ ಸೇರುವ ಅಂಚಿನಲ್ಲೂ ಸಿಕ್ಕಿಕೊಳ್ಳುತ್ತದೆ. ನಿಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಜುಲೈಯಲ್ಲಿ ಗುಂಡಿಯೇ ನೀರಿನಲ್ಲಿ ತೇಲುತ್ತದೆ. ಒಣ ಮಣ್ಣು ಎಲ್ಲಿ ಬಂತು?

ರಾಟೆ ಹಗ್ಗ | ಜುಲೈ 22

ಒಂದು ದಡ್ಡ ಪ್ರಶ್ನೆ. ಬ್ಯಾಕ್ಟೀರಿಯಾಕ್ಕೆ ಬಾಲ ಇರುತ್ತದಲ್ಲ, ಈಜಿಕೊಂಡು ಬರುವುದಿಲ್ವಾ?

ಲ್ಯಾಬ್ ಕೋಟು | ಜುಲೈ 23

ದಡ್ಡ ಪ್ರಶ್ನೆ ಅಲ್ಲ ಅಣ್ಣ. ಇ. ಕೋಲಿ ಸೆಕೆಂಡಿಗೆ ಸುಮಾರು 20 ಮೈಕ್ರಾನ್ ಈಜುತ್ತದೆ. ದಿನಕ್ಕೆ ಒಂದು ಮೀಟರ್ ಹರಿಯುವ ನೀರಿನ ವೇಗ ಸೆಕೆಂಡಿಗೆ ಸುಮಾರು 12 ಮೈಕ್ರಾನ್. ನೀರಿಗಿಂತ ಇದೇ ಚುರುಕು! ಆದರೆ ಇದು ಕುಡುಕನ ನಡಿಗೆ. ಒಂದು ಸೆಕೆಂಡ್ ನೇರ ಓಡುತ್ತದೆ, ಉರುಳುತ್ತದೆ, ಮತ್ತೆ ಇನ್ಯಾವುದೋ ದಿಕ್ಕಿಗೆ ಓಟ. ಇಡೀ ದಿನ ಹೀಗೆ ಮಾಡಿದರೂ ಹೊರಟ ಜಾಗದಿಂದ ಕೆಲವು ಮಿಲಿಮೀಟರ್ ದೂರ ಇರುತ್ತದೆ. 18 ಮೀಟರ್ ದಾಟಿಸುವುದು ನೀರೇ.

ನನ್ನ ಕಡೆಯಿಂದ ಒಂದು ಸೇರಿಸುತ್ತೇನೆ. ನಮ್ಮಲ್ಲಿ ಕರಾವಳಿಯ ಬಾವಿಗಳ ನೀರು ಹೆಚ್ಚು ಕೆಟ್ಟು ಬರುವುದು ಜೋರು ಮಳೆ ಬಂದ ಮರುದಿನಗಳಲ್ಲಿ. ಮಳೆ ನೀರು ಸೇರಿ ತೆಳುವಾಗಬೇಕಲ್ವಾ, ಹೆಚ್ಚಾಗುವುದು ಯಾಕೆ ಅಂತ ಶುರುವಿನಲ್ಲಿ ನನಗೂ ಅನಿಸುತ್ತಿತ್ತು. ಮೇಷ್ಟ್ರು ಹೇಳಲಿ.

ಜಲಮೇಷ್ಟ್ರು | ಜುಲೈ 23

ಮರಳಿನ ಕಾಳಿಗೂ ಬ್ಯಾಕ್ಟೀರಿಯಾಕ್ಕೂ ಋಣ ವಿದ್ಯುತ್ತಿನ ಹೊದಿಕೆ. ಒಂದನ್ನೊಂದು ತಳ್ಳುತ್ತವೆ. ನೀರಿನಲ್ಲಿ ಉಪ್ಪಿನಂಶ ಇದ್ದರೆ ಆ ತಳ್ಳಾಟ ಮುಚ್ಚಿಹೋಗಿ, ಬ್ಯಾಕ್ಟೀರಿಯಾ ಕಾಳಿನ ಹತ್ತಿರ ಬಂದು ಕೂರುತ್ತದೆ. ಮಳೆ ನೀರಿನಲ್ಲಿ ಉಪ್ಪು ತೀರಾ ಕಡಿಮೆ. ಅದು ಬಂತೆಂದರೆ ತಳ್ಳಾಟ ಮತ್ತೆ ದೂರದವರೆಗೆ ಹಬ್ಬುತ್ತದೆ. ಸಡಿಲವಾಗಿ ಕೂತಿದ್ದವೆಲ್ಲ ಎದ್ದು ಹೊರಡುತ್ತವೆ. ಅದರ ಮೇಲೆ ನೀರಿನ ಮಟ್ಟ ಏರುತ್ತದೆ, ವೇಗವೂ ಹೆಚ್ಚುತ್ತದೆ. ಹಾಗಾಗಿ ಮರಳು ಹಿಡಿದದ್ದೆಲ್ಲ ಸತ್ತಿತು ಅಂತ ಅಲ್ಲ. ಕೆಲವನ್ನು ಸಾಲ ಇಟ್ಟುಕೊಂಡಿರುತ್ತದೆ, ಅಷ್ಟೇ.

ಕೆಂಪು ಮಣ್ಣು ಬೇರೆ. ನಿಮ್ಮ ಕಡೆಯ ಮುರಕಲ್ಲಿನ ಪುಡಿಯಲ್ಲಿರುವ ಕಬ್ಬಿಣದ ತುಕ್ಕಿಗೆ ಸಾಮಾನ್ಯ ನೀರಿನಲ್ಲಿ ಧನ ವಿದ್ಯುತ್ತು. ಬ್ಯಾಕ್ಟೀರಿಯಾ ಅದಕ್ಕೆ ಬಿಗಿಯಾಗಿ ಅಂಟುತ್ತದೆ. ಆದರೆ ಕೊಳಚೆ ವರ್ಷಗಟ್ಟಲೆ ಹರಿದರೆ ಅದರಲ್ಲಿರುವ ಸಾವಯವ ಕಸ ತುಕ್ಕಿನ ಮೈಯನ್ನು ಮೊದಲೇ ತುಂಬಿಬಿಡುತ್ತದೆ. ಅಮೆರಿಕದ ಕೇಪ್ ಕಾಡ್‌ನಲ್ಲಿ ಸೇನಾ ನೆಲೆಯ ಕೊಳಚೆಯನ್ನು 1936ರಿಂದ 1995ರವರೆಗೆ ಮರಳಿಗೆ ಇಂಗಿಸಿದರು. ಅಲ್ಲಿ ವೈರಸ್ ಬಿಟ್ಟು ನೋಡಿದಾಗ, ಶುದ್ಧ ಮರಳಿನಲ್ಲಿ ಅಂಟಿದಷ್ಟು ಕೊಳಚೆ ಹರಿದ ಮರಳಿನಲ್ಲಿ ಅಂಟಲಿಲ್ಲ.

ಹೊಯ್ಗೆಮನೆ | ಆಗಸ್ಟ್ 2

ಒಂದು ಪ್ರಯೋಗ ಮಾಡೋಣ ಅಂತಿದ್ದೇನೆ. ಗುಂಡಿಗೆ ಒಂದು ಮೂಟೆ ಉಪ್ಪು ಸುರಿದು, ಎರಡೂ ಬಾವಿಯಲ್ಲಿ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಉಪ್ಪಿನಂಶ ತೋರಿಸುವುದು) ಹಿಡಿದರೆ ದಾರಿ ಗೊತ್ತಾಗುತ್ತಲ್ವಾ?

ಜಲಮೇಷ್ಟ್ರು | ಆಗಸ್ಟ್ 2

ಮೂಟೆ ಬೇಡ! ಗಟ್ಟಿ ಉಪ್ಪುನೀರು ಭಾರ, ಸೀದಾ ಕೆಳಗೆ ಮುಳುಗಿ ಬೇರೆಲ್ಲೋ ಹೋಗುತ್ತದೆ. 10 ಕಿಲೋ ಉಪ್ಪನ್ನು 1,000 ಲೀಟರ್ ನೀರಿಗೆ ಕಲಸಿ ಬಿಡಿ. ಮಳೆ ಬಿಟ್ಟಿರುವ ವಾರ ನೋಡಿ. ಪಕ್ಕದವರಿಗೆ ಹೇಳಿಯೇ ಮಾಡಿ.

ಹೊಯ್ಗೆಮನೆ | ಸೆಪ್ಟೆಂಬರ್ 3

ಆಯಿತು. ಪುಣ್ಯಕ್ಕೆ ಆಗಸ್ಟ್‌ನಲ್ಲಿ ಹನ್ನೆರಡು ದಿನ ಬಿಸಿಲು ಸಿಕ್ಕಿತು. ಮಗಳು ಬೆಳಿಗ್ಗೆ ಸಂಜೆ ಮೀಟರ್ ಹಿಡಿದು ಶಾಲೆಯ ಹಳೆ ಪಟ್ಟಿಯಲ್ಲಿ ಬರೆದಳು.

ನಮ್ಮ ಬಾವಿ ಶುರುವಿನಲ್ಲಿ 140. ನಾಲ್ಕು ದಿನ ಅಲ್ಲಾಡಲಿಲ್ಲ. ಐದನೇ ದಿನ ಸಂಜೆ 151. ಆರನೇ ದಿನ 178. ಎಂಟನೇ ದಿನ 212, ಅದೇ ಅತಿ ಹೆಚ್ಚು. ಆಮೇಲೆ ಇಳಿಯಲು ಶುರುವಾಯಿತು, ಆದರೆ ಏರಿದ ಹಾಗೆ ಬೇಗ ಇಳಿಯಲಿಲ್ಲ. ಇಪ್ಪತ್ತನೇ ದಿನವೂ 156 ಇತ್ತು.

ಪಕ್ಕದವರದು 165ರಿಂದ 168ರ ನಡುವೆ. ಇಪ್ಪತ್ತು ದಿನವೂ ಅಷ್ಟೇ.

ಏರುವುದು ಬೇಗ, ಇಳಿಯುವುದು ನಿಧಾನ. ಇದು ಯಾಕೆ?

ಜಲಮೇಷ್ಟ್ರು | ಸೆಪ್ಟೆಂಬರ್ 3

ನಿಮ್ಮ ಮಗಳಿಗೆ ನನ್ನ ಕಡೆಯಿಂದ ಒಂದು ಒಳ್ಳೆಯ ಪೆನ್ನು.

ನಿಧಾನವಾಗಿ ಇಳಿಯುವ ಆ ಬಾಲವೇ ಏರುಪೇರು ಮರಳಿನ ಗುರುತು. ಮರಳೆಲ್ಲ ಒಂದೇ ಥರ ಇದ್ದಿದ್ದರೆ ಏರಿದ ಹಾಗೇ ಇಳಿಯಬೇಕಿತ್ತು. ಒಂದಿಷ್ಟು ಉಪ್ಪು ದಪ್ಪ ಪದರದಲ್ಲಿ ಓಡಿ ಬಂತು. ಉಳಿದದ್ದು ಅಕ್ಕಪಕ್ಕದ ನಯ ಮರಳಿಗೆ ನುಸುಳಿ, ಆಮೇಲೆ ಚೂರುಚೂರೇ ಹೊರಬಂತು.

ಒಂದು ಎಚ್ಚರಿಕೆ. ಉಪ್ಪು ಐದನೇ ದಿನ ಬಂತು ಅಂದರೆ ಬ್ಯಾಕ್ಟೀರಿಯಾ ಅದರ ಆಮೇಲೆಯೇ ಬರುತ್ತದೆ ಅಂತ ತಿಳಿಯಬೇಡಿ. ಕೇಪ್ ಕಾಡ್‌ನಲ್ಲೇ ರೊನಾಲ್ಡ್ ಹಾರ್ವಿ ಮತ್ತು ಜೊತೆಗಾರರು ಅಂತರ್ಜಲದ ಬ್ಯಾಕ್ಟೀರಿಯಾಕ್ಕೆ ಬಣ್ಣ ಹಾಕಿ, ಬ್ರೋಮೈಡ್ ಉಪ್ಪಿನ ಜೊತೆ ನೆಲಕ್ಕೆ ಬಿಟ್ಟರು. 1989ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ, ಪಂಪಿನಿಂದ ಎಳೆದ ಪ್ರಯೋಗದಲ್ಲಿ ದೂರದ ಕೊಳವೆಗೆ ಬ್ಯಾಕ್ಟೀರಿಯಾದ ಅಲೆ ಉಪ್ಪಿಗಿಂತ ಬಹಳ ಮೊದಲೇ ತಲುಪಿತು.

ರಾಟೆ ಹಗ್ಗ | ಸೆಪ್ಟೆಂಬರ್ 3

ನೀರಿನಲ್ಲಿ ಬರುವುದು ನೀರಿಗಿಂತ ಮೊದಲು ಬರುವುದು ಹೇಗೆ ಮೇಷ್ಟ್ರೆ? ಬಸ್ಸಿಗಿಂತ ಮೊದಲು ಪ್ರಯಾಣಿಕ ಇಳಿದ ಹಾಗಾಯಿತು.

ಜಲಮೇಷ್ಟ್ರು | ಸೆಪ್ಟೆಂಬರ್ 4

ಬಸ್ಸು ಒಂದಲ್ಲ, ಸಾವಿರ. ಉಪ್ಪಿನ ಕಣ ತೀರಾ ಸಣ್ಣದು. ಎಲ್ಲ ಸಂದಿಗೂ ನುಗ್ಗುತ್ತದೆ, ಮೂಲೆಯಲ್ಲಿ ನಿಂತ ನೀರಿಗೂ ಹೋಗಿ ಹೊತ್ತು ಕಳೆಯುತ್ತದೆ. ಬ್ಯಾಕ್ಟೀರಿಯಾ ದೊಡ್ಡದು, ಸಣ್ಣ ಸಂದಿಗೆ ಹೋಗದು. ಅಗಲ ದಾರಿಯ ನಡುನೀರಿನಲ್ಲೇ ಇರುತ್ತದೆ, ಅಲ್ಲೇ ವೇಗ ಜಾಸ್ತಿ. ಲೋಕಲ್ ಬಸ್ಸಿನವರು ಪ್ರತಿ ಸ್ಟಾಪಿನಲ್ಲಿ ನಿಂತು ಬರುವಾಗ ಇವರು ಎಕ್ಸ್‌ಪ್ರೆಸ್ ಹತ್ತಿದ ಹಾಗೆ. ಹೆಚ್ಚಿನವು ದಾರಿಯಲ್ಲಿ ಅಂಟಿ ಉಳಿಯುತ್ತವೆ ನಿಜ. ಬಂದವು ಮಾತ್ರ ಬೇಗ ಬರುತ್ತವೆ.

ಬಾವಿ ಕೆಲಸ | ಸೆಪ್ಟೆಂಬರ್ 4

ಅಣ್ಣ, ಈಗ ಏನೂ ಅಗೆಯಬೇಡಿ. ಕುಸಿಯುತ್ತದೆ. ಏಪ್ರಿಲಿಗೆ ನೀರು ಇಳಿದ ಮೇಲೆ ಹೊಸ ಗುಂಡಿ ನೋಡುವ. ಹಳೆ ಗುಂಡಿಯ ಗೋಡೆ ಇನ್ನು ಮುಟ್ಟಬೇಡಿ.

ಹೊಯ್ಗೆಮನೆ | ಏಪ್ರಿಲ್ 18

ಒಂಬತ್ತು ತಿಂಗಳು ಕುದಿಸಿಯೇ ಕುಡಿದೆವು. ಬಾವಿ ಕೆಲಸದ ಅಣ್ಣನೇ ಬಂದು ನಿಂತು ಅಗೆಸಿದರು, ಈ ವೇದಿಕೆಯ ದೆಸೆಯಿಂದ.

ಹೊಸ ಗುಂಡಿಯ ಜಾಗ ಹಿಡಿಯುವ ಮೊದಲು ನಾಲ್ಕು ಕಡೆ ತೆಂಗಿನ ಸಸಿಯ ಗುಂಡಿಯಂತೆ ಅಗೆದು ನೋಡಿದೆವು. ಹಳೆ ಗುಂಡಿಗೂ ನಮ್ಮ ಬಾವಿಗೂ ನಡುವೆ, ಎರಡೂ ಕಾಲು ಮೀಟರ್ ಆಳದಲ್ಲಿ ಅದು ಸಿಕ್ಕಿತು. ನನ್ನ ಅಂಗೈಯಷ್ಟು ದಪ್ಪ. ಮೇಲೆ ಕೆಳಗೆ ಹಳದಿ ನಯ ಹೊಯ್ಗೆ, ನಡುವೆ ಬೂದು ಬಣ್ಣದ ಒರಟು ಪಟ್ಟಿ. ಚಿಪ್ಪಿನ ಚೂರು, ಜೋಳದ ಕಾಳಿನಂಥ ಕಲ್ಲು. ಕೈಯಲ್ಲಿ ಹಿಡಿದು ನೀರು ಹೊಯ್ದೆ. ನಿಲ್ಲಲೇ ಇಲ್ಲ, ಬೆರಳ ಸಂದಿಯಲ್ಲಿ ಹೋದ ಹಾಗೆ ಹೋಯಿತು. ನಯ ಹೊಯ್ಗೆಯ ಮೇಲೆ ಹೊಯ್ದರೆ ಒಂದು ಕ್ಷಣ ಹೊಳೆದು ಆಮೇಲೆ ಇಂಗುತ್ತದೆ. ಮೂಗಿಗೆ ಹಿಡಿದರೆ ಸಣ್ಣಗೆ ಗುಂಡಿಯ ವಾಸನೆ. ಅದೊಂದು ವಾಸನೆಯಲ್ಲೇ ಇಷ್ಟು ತಿಂಗಳ ಚರ್ಚೆ ಮುಗಿಯಿತು.

ಪಕ್ಕದವರ ಬೇಲಿ ಬದಿಯಲ್ಲಿ ಮೂರು ಮೀಟರ್ ಇಳಿದರೂ ಆ ಪಟ್ಟಿ ಇಲ್ಲ. ಬರೀ ನಯ.

ಜಲಮೇಷ್ಟ್ರು | ಏಪ್ರಿಲ್ 18

ನಯ ಮರಳು ಗಾಳಿ ತಂದು ಗುಡ್ಡೆ ಹಾಕಿದ್ದು. ಗಾಳಿಗೆ ದಪ್ಪ ಕಾಳು ಎತ್ತಲು ಆಗದು, ಅದಕ್ಕೇ ಎಲ್ಲ ಒಂದೇ ಅಳತೆ. ಚಿಪ್ಪಿನ ಪಟ್ಟಿ ಅಲೆ ತಂದದ್ದು. ಯಾವುದೋ ಕಾಲದಲ್ಲಿ ನಿಮ್ಮ ಅಂಗಳದಲ್ಲಿ ಸಮುದ್ರದ ಅಂಚು ಇತ್ತು. ಪಕ್ಕದವರದು ಮರಳು ದಿಬ್ಬದ ಮೇಲೆ.

ಡಚ್ ಕನ್ನಡಿಗ | ಏಪ್ರಿಲ್ 19

ಫೋಟೋ ಹಾಕಿ ಸಾರ್! ಇಂಥ ಪದರ ನೋಡಲು ವಿಜ್ಞಾನಿಗಳು ಲಕ್ಷಗಟ್ಟಲೆ ಖರ್ಚು ಮಾಡುತ್ತಾರೆ. ಅಮೆರಿಕದ ವರ್ಜೀನಿಯಾದಲ್ಲಿ ಆಯ್ಸ್ಟರ್ ಅಂತ ಒಂದು ಕಡಲೂರು ಇದೆ. ಅಲ್ಲಿನ ಮರಳಿಗೆ ಕೋಮಮೋನಾಸ್ ಎಂಬ ಬ್ಯಾಕ್ಟೀರಿಯಾ ಬಿಟ್ಟು ಅದರ ದಾರಿ ಹಿಡಿದರು. ಅದಕ್ಕೆ ಗುರುತಿಗೆ ಕಾರ್ಬನ್ 13 ಎಂಬ ತುಸು ಭಾರದ ಇಂಗಾಲ ತಿನ್ನಿಸಿದ್ದರು. ನೀವು ಗುದ್ದಲಿಯಲ್ಲೇ ಮುಗಿಸಿದಿರಿ.

ಹೊಯ್ಗೆಮನೆ | ಏಪ್ರಿಲ್ 19

ಫೋಟೋದಲ್ಲಿ ನನ್ನ ಕಾಲು, ಒಂದು ಹಾರೆ, ನಾಯಿ ಬಂದಿದೆ. ಪದರ ಮಾತ್ರ ನೆರಳಲ್ಲಿ ಹೋಗಿದೆ.

ಹೊಸ ಗುಂಡಿಯನ್ನು ಆ ಪಟ್ಟಿ ಇಲ್ಲದ ಮೂಡು ಬದಿಗೆ ಹಾಕಿದೆವು. ಆಳ ಕಡಿಮೆ, ಅಗಲ ಜಾಸ್ತಿ, ತಳ ಆದಷ್ಟೂ ಮೇಲೆ. ತಳಕ್ಕೆ ಕಾಂಕ್ರೀಟು. ಸುತ್ತ ಅರ್ಧ ಮೀಟರ್ ನಯ ಹೊಯ್ಗೆ, ಹಿಟ್ಟಿನ ಜರಡಿಯಲ್ಲಿ ಅಲ್ಲ, ಹಳೆ ಸೊಳ್ಳೆ ಪರದೆಯಲ್ಲಿ ಜಾಲಿಸಿದ್ದು. ಹೆಂಡತಿ ಇನ್ನೂ ಪರದೆಯ ವಿಷಯ ಮರೆತಿಲ್ಲ. ಹಳೆ ಗುಂಡಿ ಖಾಲಿ ಮಾಡಿ ಸುಣ್ಣ ಹಾಕಿ ಮುಚ್ಚಿದೆವು.

ಲ್ಯಾಬ್ ಕೋಟು | ಏಪ್ರಿಲ್ 19

ಸೊಳ್ಳೆ ಪರದೆಯ ಕಣ್ಣು ಒಂದು ಮಿಲಿಮೀಟರಿಗೂ ಹೆಚ್ಚಿರುತ್ತದೆ, 0.2 ಅಲ್ಲ. ಆದರೆ ನಿಮ್ಮ ಮೇಲಿನ ಹೊಯ್ಗೆಯೇ ನಯ ಇರುವುದರಿಂದ ಕಲ್ಲು ಚಿಪ್ಪು ತೆಗೆದರೆ ಸಾಕು. ಜುಲೈಯಲ್ಲಿ, ಜೋರು ಮಳೆ ಬಂದ ಮರುದಿನವೇ ನೀರು ತನ್ನಿ. ಮೇ ತಿಂಗಳ ಚೊಕ್ಕ ವರದಿ ನನಗೆ ಬೇಡ.

ಹೊಯ್ಗೆಮನೆ | ಜುಲೈ 14

ಮೊನ್ನೆ ರಾತ್ರಿಯಿಡೀ ಸುರಿಯಿತು. ನಿನ್ನೆ ಕೊಟ್ಟೆ. ಕೋಲಿಫಾರ್ಮ್ (ಇ. ಕೋಲಿಯೂ ಸೇರುವ ದೊಡ್ಡ ಗುಂಪು, ಮಣ್ಣಿನಲ್ಲೂ ಇರುವಂಥದ್ದು) ಸ್ವಲ್ಪ ಇದೆ, ಇ. ಕೋಲಿ ಇಲ್ಲ. ಪಕ್ಕದವರದ್ದೂ ಕೊಟ್ಟಿದ್ದೇನೆ. ಮೂಡು ಬದಿಯ ಹೊಸ ಗುಂಡಿ ಅವರ ಬಾವಿಗೆ 14 ಮೀಟರ್. ಹೋದ ತಿಂಗಳು ಅಣ್ಣ ತೋಟಕ್ಕೆ ಎರಡು ಎಚ್‌ಪಿ ಪಂಪು ಬೇರೆ ಹಾಕಿಸಿದ್ದಾರೆ. ನಾಳೆ ಗಾರೆಯವರ ಪೈಪು ಮತ್ತೆ ಕೇಳಿ ತರಬೇಕು.

ಬಾವಿ ಕೆಲಸ | ಜುಲೈ 14

ಪೈಪು ನನ್ನ ಹತ್ತಿರ ಇದೆ ಅಣ್ಣ. ಸಂಜೆ ತರುತ್ತೇನೆ.